ಹೊದಿಕೆ ಇಲ್ಲದ ತಂತಿ

ಗುಜರಿ ಲಾರಿ ಗೇಟಿನೊಳಗೆ ಬಂದು ನಿಂತರೂ ನಕ್ಷೆಗಾರ್ತಿ ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ ಕೆಳಗಿಡಲಿಲ್ಲ.

“ಅತ್ತಿಗೆ, ಸಾಕು ಬಿಡಿ. ಆ ಡಬ್ಬಾ ಸತ್ತು ಎಷ್ಟೋ ವರ್ಷ ಆಯ್ತು,” ಎಂದ ಮೈದುನ, ಬಾಗಿಲಲ್ಲೇ ನಿಂತು. ಅಣ್ಣ ತೀರಿಕೊಂಡ ಮೇಲೆ ನೇಯ್ಗೆ ಗಿರಣಿಗೆ ಅವನೇ ಯಜಮಾನ.

“ಸತ್ತಿಲ್ಲ. ಬಾಯಿ ಬಿದ್ದೋಗಿದೆ, ಅಷ್ಟೆ.”

ಅದು ನಿಜ. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಬಿಡಿಸಿದ ಆರುನೂರ ಹನ್ನೆರಡು ಬಟ್ಟೆಯ ನಕ್ಷೆಗಳು ಆ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗಿದ್ದವು. ಫ್ಲಾಪಿ ತೂರಿಸುವ ಜಾಗ ಕೆಟ್ಟಿತ್ತು. ನಕ್ಷೆಗಳನ್ನು ಹೊರತೆಗೆಯಲು ಉಳಿದದ್ದು ಬೆನ್ನಿನಲ್ಲಿದ್ದ ದುಂಡನೆಯ ತೂತೊಂದೇ. ಅದಕ್ಕೆ ಕೂರುವ ಕನೆಕ್ಟರು ಈಗ ಯಾರೂ ಮಾಡುವುದಿಲ್ಲ. ಅಂಗಡಿಯವರು ನಕ್ಕು ಕಳಿಸಿದ್ದರು. ಅವಳು ಮನೆಗೆ ಹೋಗಿ ಗೋಡೆಯ ಟೆಲಿಫೋನನ್ನೇ ಕಿತ್ತು ತಂದಿದ್ದಳು. ಅದರ ತಂತಿ, ಅದರ ಸಾಕೆಟ್ಟು, ಹಳೆಯ ಕೀಬೋರ್ಡಿನಿಂದ ಕತ್ತರಿಸಿದ ದುಂಡು ಪಿನ್ನು, ಎರಡು ತುದಿಗೂ ಒಂದೊಂದು ರೆಸಿಸ್ಟರು. ಎಲ್ಲ ಸೇರಿ ಸೋಪಿನ ಡಬ್ಬಿಯೊಳಗೆ ಕೂತು ಕನೆಕ್ಟರಾಗಿತ್ತು.

“ರೆಡಿಮೇಡ್ ನಕ್ಷೆ ತರಿಸಿದ್ದೀನಲ್ಲ. ನಿಮ್ಮ ಹಳೇದು ಯಾರಿಗೆ ಬೇಕು?”

“ನನಗೆ ಬೇಕು. ನೀನು ತರಿಸಿರೋ ಬಳ್ಳೀಲಿ ಎಲೆ ತಲೆಕೆಳಗಾಗಿ ಹುಟ್ಟಿದೆ, ನೋಡಿದೀಯಾ? ಹೋಗು, ಲಾರಿಯವನಿಗೆ ಟೀ ಕುಡಿಸು.”

“ಅರ್ಧ ಗಂಟೆ. ಆಮೇಲೆ ನಾನೇ ಎತ್ತಿಸ್ತೀನಿ.” ಅವನು ದುಡುದುಡು ಹೊರಟ.

ತಂತಿಯ ಒಂದು ತುದಿಯನ್ನು ಆ ತೂತಿಗೆ, ಇನ್ನೊಂದನ್ನು ತನ್ನ ಹೊಸ ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಒತ್ತಿದಳು. ನಕ್ಷೆಗಳು ಒಂದೊಂದಾಗಿ ಬಂದವು. ಹದಿನಾಲ್ಕಕ್ಕೆ ನಿಂತವು. ಮತ್ತೆ ಒತ್ತಿದಳು; ಒಂಬತ್ತಕ್ಕೇ ನಿಂತವು. ಬೆಸುಗೆ ನೋಡಿದಳು, ಸರಿಯಿತ್ತು. ರೆಸಿಸ್ಟರು ನೋಡಿದಳು, ಸರಿಯಿತ್ತು. ಪಕ್ಕದ ಶೆಡ್ಡಿನಲ್ಲಿ ಮೂವತ್ತು ಮಗ್ಗಗಳು ಗೋಡೆ ನಡುಗುವಂತೆ ಬಡಿಯುತ್ತಿದ್ದವು. ಅವಳು ಹಣೆ ಚಚ್ಚಿಕೊಂಡಳು.

“ಏನಾಯ್ತಕ್ಕಾ?” ಎನ್ನುತ್ತ ಮಗ್ಗದ ಮೇಸ್ತ್ರಿ ಒಳಗೆ ಬಂದ.

“ನನ್ನ ದಡ್ಡತನ. ಟೆಲಿಫೋನ್ ತಂತಿಗೆ ಮೈಮೇಲೆ ಬಟ್ಟೆ ಇಲ್ಲ ಕಣಯ್ಯಾ. ಕಂಪ್ನಿ ತಂತಿಗಾದ್ರೆ ತಗಡಿನ ಹೊದಿಕೆ ಇರ್ತಿತ್ತು. ನಿಮ್ಮ ಮೋಟಾರುಗಳ ಕರೆಂಟಿನ ಗದ್ದಲವೆಲ್ಲ ಇದಕ್ಕೆ ತಗುಲಿ, ಹೇಳೋ ಮಾತು ನಡುವೇನೇ ಕೆಡ್ತಿದೆ.”

“ಎಷ್ಟೊತ್ತು ಬೇಕು ನಿಮಗೆ?”

“ಇಪ್ಪತ್ತು ನಿಮಿಷ ಮಗ್ಗ ನಿಂತ್ರೆ ಸಾಕು. ಆದ್ರೆ ನಿಮ್ಮ ಯಜಮಾನ ನಿಲ್ಲಿಸ್ತಾನಾ? ಮೂರು ಪಾಳೀಲೂ ಓಡಿಸೋನು.”

ಮೇಸ್ತ್ರಿ ಶೆಡ್ಡಿನತ್ತ ನಡೆದ. ಆ ಆರುನೂರ ಹನ್ನೆರಡರಲ್ಲಿ ಅವನು ನೇಯದ ನಕ್ಷೆ ಒಂದೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಒಂದು ಮಗ್ಗ ನಿಂತಿತು. ಮತ್ತೊಂದು. ಆಮೇಲೆ ಐದಾರು ಒಟ್ಟಿಗೆ. ಕೊನೆಯದೂ ನಿಂತಾಗ ಅವಳ ಕಿವಿ ಗುಂಯ್ ಎಂದಿತು. ಗುಂಡಿ ಒತ್ತಿದಳು. ಹದಿನಾಲ್ಕು. ಹದಿನೈದು. ಹದಿನಾರು.

ಮೈದುನ ಅಂಗಳ ದಾಟಿ ಓಡಿ ಬಂದ. ಅವಳ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಮೇಸ್ತ್ರಿ ನಿಂತಿದ್ದ. ಅವನ ಹಿಂದೆ, ನೂಲಿನ ದೂಳು ಮೆತ್ತಿದ ತಲೆಗಳ ಸಾಲು, ಒಬ್ಬನೂ ಸರಿಯಲಿಲ್ಲ.

“ಯಾರೋ ನಿಲ್ಸಿದ್ದು ಮಗ್ಗಾನ? ಯಾರ್ ಹೇಳಿದ್ದು ನಿಮಗೆ?”

ಮೇಸ್ತ್ರಿ ತುಟಿಯ ಮೇಲೆ ಬೆರಳಿಟ್ಟ.

“ಮೆಲ್ಲಗೆ, ಯಜಮಾನ್ರೇ. ತಂತಿಗೆ ಕೇಳಿಸುತ್ತೆ.”