ಐವತ್ತೈದನೇ ನಂಬರಿನ ಜರ್ಸಿ

"ಅದು ನಾನಲ್ಲ ಸರ್," ಎಂದ ಹುಡುಗ.

ಹೋಟೆಲಿನ ಆ ಕೋಣೆಯಲ್ಲಿ ಇದ್ದವರು ಮೂವರೇ. ಕುರ್ಚಿಯ ತುದಿಯಲ್ಲಿ ಕೂತಿದ್ದವನು ಹದಿನೆಂಟು ವರ್ಷದ ಆಟಗಾರ ಈಲೈ ವೀಬ್. ಎದುರಿಗೆ ಕ್ಲಬ್ಬಿನ ಮ್ಯಾನೇಜರ್ ಲೋರ್ನ್ ಮೆಕ್‌ಫೇಲ್. ಪಕ್ಕದಲ್ಲಿ ಓರೆಸ್ಟ್ ಡೆರ್ಕಾಚ್, ಮೂವತ್ತೊಂದು ವರ್ಷದಿಂದ ಊರೂರಿನ ಐಸ್ ಹಾಕಿ ಅಂಗಳಗಳನ್ನು ಸುತ್ತಿ ಯಾವ ಹುಡುಗ ಮುಂದೆ ಬಂದಾನು ಎಂದು ಬರೆದುಕೊಡುವ ಸ್ಕೌಟ್. ಮರುದಿನ ಡ್ರಾಫ್ಟ್, ಅಂದರೆ ಕ್ಲಬ್ಬುಗಳು ಸರದಿಯ ಮೇಲೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವ ದಿನ. ಒಟ್ಟು ಏಳು ಸುತ್ತು; ಮೊದಲ ಸುತ್ತಿನಲ್ಲಿ ಇವರ ಸರದಿ ಹತ್ತೊಂಬತ್ತನೆಯದು. ಕ್ಲಬ್ಬಿನಿಂದ ತಂದು ಗೋಡೆಗೆ ಒರಗಿಸಿದ್ದ ಬೋರ್ಡಿನಲ್ಲಿ ಹತ್ತೊಂಬತ್ತರ ಎದುರಿಗೆ ವೀಬ್‌ನ ಹೆಸರು ಬರೆದ ಕಾಗದದ ಪಟ್ಟಿ ಮೂರು ತಿಂಗಳಿಂದ ಅಂಟಿಕೊಂಡಿತ್ತು. ಅವನಿಗೆ ಕಾಣಬಾರದೆಂದು ಬೋರ್ಡಿಗೆ ಬೆಡ್‌ಶೀಟ್ ಹೊದಿಸಿದ್ದರು.

"ನೀನಲ್ಲ ಅಂದ್ರೆ?" ಓರೆಸ್ಟ್ ಕೇಳಿದ. "ಫೆಬ್ರವರಿಲಿ, ಪ್ರಿನ್ಸ್ ಆಲ್ಬರ್ಟ್ ಊರಲ್ಲಿ. ಕೊನೇ ಇಪ್ಪತ್ತು ನಿಮಿಷದಲ್ಲಿ ಗೋಲಿನ ಕಡೆ ಬಂದ ಮೂರು ಹೊಡೆತಕ್ಕೆ ಮೈ ಅಡ್ಡ ಕೊಟ್ಟೆಯಲ್ಲಪ್ಪ. ಐವತ್ತೈದನೇ ನಂಬರು. ನಾನೇ ನೋಡಿದೀನಿ."

"ಐವತ್ತೈದು ಯಾರ ನಂಬರೂ ಅಲ್ಲ ಸರ್. ರಕ್ತ ಆಗಿರೋ ಜರ್ಸಿಲಿ ಆಡೋ ಹಾಗಿಲ್ವಲ್ಲ, ಅದಕ್ಕೆ ಅಂತ ಇಟ್ಟಿರೋ ಬದಲಿ ಜರ್ಸಿ ಅದು. ಮೊದಲು ನಂಗೆ ಹುಬ್ಬು ಒಡೀತು, ಹೊಲಿಗೆ ಹಾಕಿಸ್ಕೊಂಡು ನಾನು ಹಾಕ್ಕೊಂಡೆ. ಆಮೇಲೆ ತಲೆ ತಿರುಗ್ತು, ಡಾಕ್ಟ್ರು ಸಾಕು ಕೂತ್ಕೋ ಅಂದ್ರು. ಅಷ್ಟೊತ್ತಿಗೆ ನಮ್ಮ ಟೀಮಿನ ಪೆನ್ನರ್‌ಗೆ ತುಟಿ ಸೀಳಿ ಅವನ ಜರ್ಸಿ ಪೂರ್ತಿ ಕೆಂಪು. ನಾನು ಹಾಕ್ಕೊಂಡಿದ್ದನ್ನೇ ಬಿಚ್ಚಿಸಿ ಅವನಿಗೆ ಕೊಟ್ರು. ಅಡ್ಡ ಬಿದ್ದೋನು ಅವನೇ. ನಾನು ಒಳಗೆ ಐಸ್ ಇಟ್ಕೊಂಡು ಮಲಗಿದ್ದೆ."

ಓರೆಸ್ಟ್‌ನ ಕಿವಿ ಬಿಸಿಯಾಯಿತು. ಐವತ್ತೈದು ಯಾರು ಎಂದು ಅವನು ಅಂದು ಕೇಳಿದ್ದು ನಿಜ, ಆದರೆ ಒಂದೇ ಸಲ, ಅದು ಇನ್ನೂ ವೀಬ್‌ನ ಮೈಮೇಲಿದ್ದಾಗ. ವೀಬ್ ಎಂದು ಬರೆದುಕೊಂಡವನು ಮತ್ತೆ ಕೇಳುವ ಗೋಜಿಗೆ ಹೋಗಲಿಲ್ಲ. ಆಮೇಲೆ ವೀಬ್‌ನ ಆಟವನ್ನು ಇನ್ನೂ ಆರು ಸಲ ನೋಡಿದ. ಆರು ಸಲವೂ ಹುಡುಗ ಸಾಧಾರಣವಾಗಿ ಆಡಿದ, ಆರು ಸಲವೂ ಓರೆಸ್ಟ್ ಅವನ ಪರವಾಗಿ ತಾನೇ ಒಂದು ನೆಪ ಹುಡುಕಿಕೊಟ್ಟ. ಒಮ್ಮೆ ಜ್ವರ, ಒಮ್ಮೆ ಬಸ್ ಪ್ರಯಾಣದ ಸುಸ್ತು, ಒಮ್ಮೆ ಕೋಚ್ ಸರಿಯಿಲ್ಲ. ಹೆತ್ತ ತಾಯಿಯೂ ಅಷ್ಟು ವಹಿಸಿಕೊಳ್ಳುತ್ತಿರಲಿಲ್ಲ.

ಹುಡುಗ ಕೈಕುಲುಕಿ ಹೊರಗೆ ಹೋದ. ಓರೆಸ್ಟ್ ಎದ್ದು ಬೆಡ್‌ಶೀಟ್ ಎಳೆದುಹಾಕಿ, ಹತ್ತೊಂಬತ್ತರ ಎದುರಿಗಿದ್ದ ಪಟ್ಟಿಯನ್ನು ಕಿತ್ತ. ಅವನು ಆರಿಸಿದ್ದ ಹಿಂದಿನ ಇಬ್ಬರು ಹುಡುಗರು ಉದ್ಧಾರವಾಗಿರಲಿಲ್ಲ. ಇವನೂ ಮಣ್ಣುಮುಕ್ಕಿದರೆ ಓರೆಸ್ಟ್‌ನ ಕೆಲಸ ಹೋಗುತ್ತದೆ ಎಂಬುದು ಅವನಿಗೂ ಲೋರ್ನ್‌ಗೂ ಗೊತ್ತಿತ್ತು.

"ಬೈಯೋದಾದ್ರೆ ಬೈದುಬಿಡು ಲೋರ್ನ್."

ಲೋರ್ನ್ ಬೈಯಲಿಲ್ಲ. ಕುರ್ಚಿಗೆ ಒರಗಿ, ಟೈ ಸಡಿಲಿಸಿ, ದೊಡ್ಡದಾಗಿ ಉಸಿರುಬಿಟ್ಟ. "ಅಬ್ಬಾ, ಬದುಕಿದೆ," ಎಂದ. "ನಿನ್ನ ಮಾತು ಕಟ್ಕೊಂಡು ನಾನೂ ಅವನನ್ನ ಐದು ಸಲ ನೋಡ್ದೆ ಕಣಯ್ಯ. ನೀನು ಬರೆದಿದ್ದು ಒಂದೂ ಕಾಣ್ಲಿಲ್ಲ. ಓರೆಸ್ಟ್‌ಗೆ ಕಾಣಿಸಿದ್ದು ನನಗೆ ಕಾಣ್ತಿಲ್ಲ ಅಂದ್ರೆ ನನ್ನ ಕಾಲ ಮುಗೀತು ಅಂದ್ಕೊಂಡೆ. ಏಪ್ರಿಲ್‌ನಲ್ಲಿ ಕಣ್ಣು ಬೇರೆ ತೋರಿಸ್ಕೊಂಡು ಬಂದೆ."

"ಡಾಕ್ಟ್ರು ಏನಂದ್ರು?"

"ಏನೂ ಆಗಿಲ್ಲ ಅಂದ್ರು. ಅವರನ್ನೂ ನಂಬ್ಲಿಲ್ಲ."

ಇಬ್ಬರೂ ನಕ್ಕರು, ನಕ್ಕು ನಕ್ಕು ಓರೆಸ್ಟ್‌ಗೆ ಕೆಮ್ಮು ಬಂತು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಅಂದು ತಾನು ಕಂಡದ್ದು ಸುಳ್ಳಲ್ಲ, ಹೆಸರೊಂದೇ ತಪ್ಪು. ಇನ್ನೂ ಸಂತೋಷದ ವಿಷಯವೆಂದರೆ, ಪೆನ್ನರ್ ಎಂಬ ಹೆಸರು ಯಾವ ಕ್ಲಬ್ಬಿನ ಬಾಯಲ್ಲೂ ಇರಲಿಲ್ಲ. ಹತ್ತೊಂಬತ್ತಕ್ಕೆ ಲೋರ್ನ್ ಮೊದಲಿನಿಂದ ಕಣ್ಣಿಟ್ಟಿದ್ದ ಫಿನ್ಲೆಂಡಿನ ಹುಡುಗ, ಆರನೇ ಸುತ್ತಿನಲ್ಲಿ ಸದ್ದಿಲ್ಲದೆ ಪೆನ್ನರ್. ಎರಡೇ ನಿಮಿಷದಲ್ಲಿ ಲೆಕ್ಕಾಚಾರ ಮುಗಿಯಿತು.

"ಅಲ್ಲೀವರೆಗೂ ಯಾರ ಹತ್ರಾನೂ ಬಾಯ್ಬಿಡಬೇಡ," ಎಂದ ಲೋರ್ನ್. "ನಿನ್ನ ಹೆಂಡ್ತಿ ಹತ್ರಾನೂ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಾಗಿಲು ತೆರೆದು ಇಣುಕಿದವನು ವೀಬ್. ಓರೆಸ್ಟ್ ಗಡಿಬಿಡಿಯಲ್ಲಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಕೈಯಲ್ಲಿದ್ದ ಪಟ್ಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಸಾರಿ ಸರ್. ಪೆನ್ನರ್‌ಗೆ ಏಜೆಂಟ್ ಇಲ್ಲ. ಅವನು ಫೋನೂ ಸರಿಯಾಗಿ ಎತ್ತಲ್ಲ. ಅವನ ಅಕ್ಕನ ನಂಬರು ಬರ್ಕೋತೀರಾ?"

ಹುಡುಗ ನಿಧಾನವಾಗಿ ನಂಬರು ಹೇಳಿದ. ಲೋರ್ನ್ ಬರೆದುಕೊಂಡ. ಹುಡುಗ ಒಮ್ಮೆ ಓರೆಸ್ಟ್‌ನ ಮುಷ್ಟಿಯ ಕಡೆ ನೋಡಿದ. ಬೋರ್ಡಿನಿಂದ ತನ್ನ ಹೆಸರು ಹೋಯಿತೆಂದು ಅವನಿಗೆ ಅರ್ಥವಾಗಿತ್ತು. ಥ್ಯಾಂಕ್ಸ್ ಹೇಳಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.

ಓರೆಸ್ಟ್‌ಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಮುಷ್ಟಿ ಬಿಚ್ಚಿದ. "ಇದನ್ನ ಏನ್ಮಾಡ್ಲಿ?" ಎಂದು ಕೇಳಿದ.

ಲೋರ್ನ್ ಬೋರ್ಡನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. "ಮೂರನೇ ಸುತ್ತಿಗೆ ಹಾಕು."

"ವರದೀಲಿ ಏನಂತ ಬರೀಲಿ?"

"ಈ ಸಲನಾದ್ರೂ," ಎಂದ ಲೋರ್ನ್, "ಅವನೇ ಮಾಡಿದ್ದನ್ನ ಬರಿ, ಇವತ್ತು ಇಲ್ಲಿ ಮಾಡಿದ್ದನ್ನ."