ಹುಳದ ಮನೆಗೆ ಬಂದ ಮದ್ಲಿಂಗ

ರೇಷ್ಮೆ ಹುಳದ ಮನೆಗೆ ಅತ್ತರು ಬಳ್ಕೊಂಡು ನುಗ್ಗಿದ ಮಹಾನುಭಾವ ಇಡೀ ಜಂಗಮಕೋಟೇಲಿ ನಾನೊಬ್ನೇ ಇರ್ಬೇಕು. ಈಗ್ಲೂ ಚಿಂತಾಮಣಿ ಬಸ್ಸಲ್ಲಿ ಯಾರಾದ್ರೂ ಅತ್ತರು ಹಾಕ್ಕೊಂಡು ಪಕ್ಕ ಕೂತ್ರೆ ನನ್ನ ಕಿವಿ ತಾನಾಗೇ ಉರಿಯತ್ತೆ.

ರಜಕ್ಕೆ ಅಜ್ಜಿ ಮನೆಗೆ ಹೋಗಿದ್ದೆ. ಹಿತ್ತಲಲ್ಲಿದ್ದ ತನ್ನ ಹುಳದ ಮನೆಗೆ ಅಜ್ಜಿ ನನ್ನ ಬಿಡ್ತಿರ್ಲಿಲ್ಲ. ಎದುರುಮನೆ ಲಕ್ಷ್ಮಕ್ಕನ ಹುಳ ಎಲ್ಲಾ ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟೋ ಹದಕ್ಕೆ ಬಂದಿದ್ವು. ಕತ್ತಲಾಗೋದ್ರೊಳಗೆ ಆರಿಸಿ, ಚಂದ್ರಿಕೆ ಅನ್ನೋ ಬಿದಿರು ಚಾಪೆಗೆ ಬಿಡ್ದಿದ್ರೆ ಬೆಳೆ ಪೂರ್ತಿ ಹಾಳು. ಅಜ್ಜಿ ತಟ್ಟೆ ಬಡಿದು ಬೀದಿಯೋರ್ನೆಲ್ಲಾ ಕರ್ಕೊಂಡು ಬಂದ್ಲು. ನಾನೂ ಮುರುಗಮಲ್ಲ ದರ್ಗಾದ ಹತ್ರ ಕೊಂಡಿದ್ದ ಅತ್ತರು ಅರ್ಧ ಸೀಸೆ ಸುರ್ಕೊಂಡು ಹೋದೆ.

"ಅಯ್ಯೋ ದೊಡ್ಡಮ್ಮ, ಈ ವಾಸ್ನೆಗೆ ಹುಳ ಗೂಡು ಕಟ್ಟಲ್ಲ!" ಅಂತ ಲಕ್ಷ್ಮಕ್ಕ ಅಜ್ಜಿ ಮುಂದೆ ಅತ್ತೇಬಿಟ್ಲು.

ಅಜ್ಜಿ ನನ್ನ ಕಿವಿ ಹಿಡಿದು ನೀರಿನ ತೊಟ್ಟಿ ಹತ್ರ ಎಳ್ಕೊಂಡೋಗಿ ಎಮ್ಮೆ ಉಜ್ಜಿದಂಗೆ ಉಜ್ಜಿದ್ಲು. "ಮದ್ಲಿಂಗ ಬಂದವ್ನೆ ಕಣ್ರೇ, ಒಂದೊಳ್ಳೆ ಹುಳ ನೋಡಿ ಮದ್ವೆ ಮಾಡಣ!" ಅಂದ್ಲು. ಅಳ್ತಿದ್ದ ಲಕ್ಷ್ಮಕ್ಕನೂ ನಕ್ಕುಬಿಟ್ಲು. ಅಜ್ಜಿ ಹಾಡಿದ್ಲು, ಎಲ್ರನ್ನೂ ಅಣಕಿಸಿದ್ಲು, ಕೈ ಮಾತ್ರ ನಿಲ್ಲಿಸ್ಲಿಲ್ಲ. ಆಗಾಗ ನಮ್ಮನೆ ಕಡೆ ತಿರುಗಿ ನೋಡೋಳು. ಕಾಫಿ ಆಸೆ ಇರ್ಬೇಕು ಅನ್ಕೊಂಡೆ. ದೀಪ ಹಚ್ಚೋ ಹೊತ್ತಿಗೆ ಕೊನೇ ಹುಳಾನೂ ಚಂದ್ರಿಕೆ ಸೇರ್ತು.

ಎಷ್ಟೋ ವರ್ಷದ ಮೇಲೆ, ಅಜ್ಜಿ ತಿಥಿ ದಿನ ಲಕ್ಷ್ಮಕ್ಕ ನನ್ನ ಕೈ ಹಿಡ್ಕೊಂಡು ಅಂದ್ಲು: "ಅವತ್ತು ನಿಮ್ಮನೇಲೂ ಹುಳ ಹಣ್ಣಾಗಿದ್ವು ಕಣಪ್ಪ. ನಮಗೆ ಗೊತ್ತಾಗಿದ್ದು ಮಾರನೇ ದಿನ, ನಿಮ್ಮಜ್ಜಿ ಅದನ್ನೆಲ್ಲಾ ತಿಪ್ಪೆಗೆ ಸುರೀತಿದ್ದಾಗ. ಆವಾಗ್ಲೂ ಹಾಡ್ತಾನೇ ಇದ್ಲು."