ತಿರುಮಣಿಯ ಆರು ಅಂಕಿ

"ಮೇಡಂ, ನೀವು ಬರ್ದಿದ್ದೀರ ಅಂತ್ಲೇ ಆ ಹೊಸ ಆಪ್‌ನ ಫೋನಿಗೆ ಹಾಕ್ಕಂಡೆ. ಈಗ ನೋಡುದ್ರೆ ತಂತಾನೇ ಎಲ್ರಿಗೂ ಮೆಸೇಜ್ ಕಳಿಸ್ತಾ ಐತೆ," ಎಂದು ಶಿರಾದಿಂದ ಓದುಗ ಓಬಳಯ್ಯ ಫೋನು ಮಾಡಿದಾಗ ಲೋಹಿತಾ ಪಾವಗಡದ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಪಹಣಿಯ ಪ್ರತಿ ತೆಗೆಯುತ್ತಿದ್ದಳು. ಒಂದು ವಾರದಿಂದ ಅವಳು ಏನೂ ಬರೆದಿರಲಿಲ್ಲ. ಫೋನು ಆಫ್ ಮಾಡಿ ಮೊದಲು ಬ್ಯಾಂಕಿಗೆ ಹೋಗಿ ಎಂದು ಅವರಿಗೆ ಹೇಳಿ, ತನ್ನ ಬ್ಲಾಗು ತೆರೆದಳು. ಅವಳದೇ ಹೆಸರು, ಅವಳದೇ ಫೋಟೊ. ಕೆಳಗೆ, 'ಬ್ಲಾಗು ಬರೆಯುವವರಿಗೆ ಹೊಸ ಉಚಿತ ತಂತ್ರಾಂಶ, ಇಲ್ಲಿ ಒತ್ತಿ.' ಹಾಕಿ ಒಂದು ಗಂಟೆಯಾಗಿತ್ತು. ಆಗಲೇ ನಲವತ್ತಮೂರು ಜನ ಧನ್ಯವಾದ ಬರೆದಿದ್ದರು.

ದುಡ್ಡಿಲ್ಲದೆ ಸಿಗುವ ತಂತ್ರಾಂಶದಲ್ಲಿ ಒಳ್ಳೆಯದು ಯಾವುದು, ಕಳ್ಳಮಾಲು ಯಾವುದು ಎಂದು ತಾನೇ ಹಾಕಿ ನೋಡಿ, ಆರು ವರ್ಷದಿಂದ 'ಪುಕ್ಕಟೆ ಪೆಟ್ಟಿಗೆ' ಎಂಬ ಆ ಬ್ಲಾಗಿನಲ್ಲಿ ಬರೆಯುತ್ತಿದ್ದವಳು ಅವಳು. ಮಧುಗಿರಿ, ಕೊರಟಗೆರೆ ಕಡೆಯ ಮೇಷ್ಟ್ರುಗಳೆಲ್ಲ ಲೋಹಿತಾ ಹೇಳಿದಳೆಂದರೆ ಕಣ್ಣುಮುಚ್ಚಿ ಹಾಕಿಕೊಳ್ಳುವವರು. ಅಂಥವಳು ಮೊನ್ನೆ, ಬ್ಲಾಗು ಚೆಂದ ಕಾಣಲೆಂದು ಎಲ್ಲಿಯದೋ ಒಂದು ಪುಕ್ಕಟೆ ಟೆಂಪ್ಲೇಟಿಗೆ ಮನಸೋತು, ಅದು ಕೇಳಿದ ಜಾಗದಲ್ಲಿ ಪಾಸ್‌ವರ್ಡ್ ಒತ್ತಿಬಿಟ್ಟಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಉಣ್ಣುತ್ತಿದ್ದವರು ಓದುಗರು.

ಪಾಸ್‌ವರ್ಡ್ ಬದಲಾಗಿತ್ತು. ಉಳಿದಿದ್ದು ಒಂದೇ ದಾರಿ, ಫೋನಿಗೆ ಆರು ಅಂಕಿ ತರಿಸಿಕೊಂಡು ತಾನೇ ಯಜಮಾನಿ ಎಂದು ತೋರಿಸುವುದು. ಅವಸರದಲ್ಲಿ ಒತ್ತಿಯೂ ಒತ್ತಿದಳು. ಅಂಕಿ ಹೋದದ್ದು ಅವಳ ಹಳೇ ನಂಬರಿಗೆ. ಗಡಿಯ ಹತ್ತಿರದ ತವರೂರಿನಲ್ಲಿ ಆಂಧ್ರದ ಟವರೇ ಚೆನ್ನಾಗಿ ಸಿಗುತ್ತದೆಂದು ಎಲ್ಲರ ಹಾಗೆ ಅವಳೂ ಆ ಕಡೆಯ ಸಿಮ್ಮು ಹಾಕಿಸಿಕೊಂಡಿದ್ದಳು. ಮದುವೆಯಾಗಿ ಬಂದ ಮೇಲೆ ರೀಚಾರ್ಜ್ ನಿಲ್ಲಿಸಿದ್ದಳು. ಕಂಪನಿಯವರು ಆ ನಂಬರನ್ನು ಇಷ್ಟರಲ್ಲಿ ಇನ್ಯಾರಿಗೋ ಕೊಟ್ಟಿರುತ್ತಾರೆ. ಕಳ್ಳನು ಅದನ್ನೂ ಬದಲಾಯಿಸಿದರೆ ಎಲ್ಲ ಮುಗಿಯಿತು. ಹತ್ತು ನಿಮಿಷದೊಳಗೆ ಅಂಕಿ ತುಂಬಬೇಕು ಎಂದು ಪರದೆ ಹೇಳುತ್ತಿತ್ತು. ಲೋಹಿತಾ ಆ ನಂಬರಿಗೆ ಫೋನು ಹಚ್ಚಿದಳು. ಎತ್ತಿದ್ದು ಒಬ್ಬ ಮುದುಕಿ.

"ಅವ್ವಾ, ನಾನು ಪಾವಗಡದ ಲೋಹಿತಾ ಅಂತ. ಈಗ ನಿಮ್ ಫೋನಿಗೆ ಆರಂಕಿ ಇರೋ ಮೆಸೇಜ್ ಬಂದೈತಲ್ಲ, ಅದು ನಂದು. ಒಸಿ ಓದಿ ಹೇಳ್ತೀರಾ?"

"ಬಂದೈತೆ. ನಿಂದಾದ್ರೆ ನನ್ ಫೋನಿಗೆ ಯಾಕಮ್ಮ ಬತ್ತೈತೆ?"

"ಈ ನಂಬರು ಮೊದ್ಲು ನಂದಾಗಿತ್ತು ಕಣವ್ವ. ಬದಲಾಯ್ಸೋದು ಮರ್ತಿದ್ದೆ, ತಪ್ಪು ನಂದೇ. ಯಾವನೋ ಕಳ್ಳ ನನ್ನ ಹೆಸ್ರೇಳ್ಕಂಡು ಜನಕ್ಕೆ ಮೋಸ ಮಾಡ್ತಾವ್ನೆ."

"ಕಳ್ರೂ ಇಂಗೇ ಅಂತಾರಂತೆ. ನೋಡಮ್ಮ, ನಾನು ತಿರುಮಣಿ ಸರಸಮ್ಮ. ನಮ್ ಹೊಲ ಸೋಲಾರ್ ಕರೆಂಟಿನೋರಿಗೆ ಕೊಟ್ಟೀವಿ. ಗುತ್ತಿಗೆ ದುಡ್ಡು ಬಂದಿದ್ದು ಈ ಫೋನಿಗೇ ತಿಳಿಯಾದು. ನಂಬರ್ ಕೇಳುದ್ರೆ ಯಾರ್ಗೂ ಹೇಳ್ಬ್ಯಾಡ ಅಂತ ನನ್ ಮಗಳು ಆಣೆ ಇಡಿಸ್ಕಂಡವ್ಳೆ. ಬೇಜಾರ್ ಮಾಡ್ಕಬ್ಯಾಡ ತಾಯಿ." ಫೋನು ಕಟ್ಟಾಯಿತು.

ಬೇರೆ ದಿನವಾಗಿದ್ದರೆ ಲೋಹಿತಾ ಈ ಮುದುಕಿಗೆ ಭೇಷ್ ಅನ್ನುತ್ತಿದ್ದಳು. ಈಗ ಅಳು ಬಂತು. ಧನ್ಯವಾದ ಹೇಳಿದವರು ಐವತ್ತೆಂಟಾಗಿದ್ದರು. ತಿರುಮಣಿಗೆ ಬಸ್ಸು ಹತ್ತಿ ಹೋಗಿ ಕೈಕಾಲು ಹಿಡಿಯೋಣವೆಂದರೆ ಉಳಿದಿರುವುದು ಐದು ನಿಮಿಷ. ಸರಸಮ್ಮ ಆ ಆರು ಅಂಕಿಯನ್ನು ಮಾತ್ರ ಬಿಟ್ಟು, ತನ್ನ ಹೆಸರು, ಊರು, ಭಯ ಎಲ್ಲವನ್ನೂ ಹೇಳಿದ್ದಳು. ಲೋಹಿತಾ ಅಂಗಡಿಯ ಇನ್ನೊಂದು ಫೋನನ್ನು ಕೈಗೆತ್ತಿಕೊಂಡಳು. ಛೇ ಎಂದು ಒಮ್ಮೆ ಕೆಳಗಿಟ್ಟಳು. ಮತ್ತೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡಳು.

"ನಮಸ್ಕಾರ. ತಿರುಮಣಿಯ ಸರಸಮ್ಮನವರಾ? ಸೋಲಾರ್ ಆಫೀಸಿನಿಂದ ಮಾತನಾಡುತ್ತಿದ್ದೇವೆ. ಈಗ ಯಾರಾದರೂ ಫೋನ್ ಮಾಡಿ ನಂಬರ್ ಕೇಳಿದರಾ?"

"ಹೂಂ ಕಣಮ್ಮ, ಕೇಳುದ್ಲು ಒಬ್ಳು."

"ಅವಳು ಕಳ್ಳಿ. ಹೇಳದೆ ಒಳ್ಳೆಯ ಕೆಲಸ ಮಾಡಿದಿರಿ. ಅವಳ ದೆಸೆಯಿಂದ ನಿಮ್ಮ ಗುತ್ತಿಗೆ ಹಣ ತಡೆಯಾಗಿದೆ. ಆ ಆರು ಅಂಕಿ ನಮಗೆ ತಿಳಿಸಿದರೆ ಬಿಡುಗಡೆ ಮಾಡುತ್ತೇವೆ. ಎರಡೇ ನಿಮಿಷ ಸಮಯವಿದೆ."

ಈ ಮಾತುಗಳನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆರು ವರ್ಷ ಇಂಥವರ ಬಗ್ಗೆ ಎಚ್ಚರಿಕೆ ಬರೆದೂ ಬರೆದೂ ನಾಲಿಗೆಗೆ ತಾವಾಗಿ ಬಂದವು. ಆ ಕಡೆ ಮುದುಕಿಯ ಉಸಿರು ಜೋರಾಯಿತು. ಏನೋ ಕೆಳಗೆ ಬಿದ್ದ ಸದ್ದು. "ಅಯ್ಯೋ ನಮ್ಮಪ್ಪ, ಇರಿ ಇರಿ, ಕನ್ನಡಕ ಹಾಕ್ಕಂತೀನಿ," ಎಂದ ಸರಸಮ್ಮ ನಡುಗುವ ದನಿಯಲ್ಲಿ ತೆಲುಗಿನಲ್ಲೇ ಎಣಿಸಿದಳು. "ನಾಲುಗು... ಸುನ್ನ... ಎನಿಮಿದಿ... ಮಳ್ಳಾ ಎನಿಮಿದಿ... ರೆಂಡು... ಏಡು."

ನಾಲ್ಕು, ಸೊನ್ನೆ, ಎಂಟು, ಎಂಟು, ಎರಡು, ಏಳು ಎಂದು ಒತ್ತಿದೊಡನೆ ಬ್ಲಾಗು ತೆರೆದುಕೊಂಡಿತು. ಲೋಹಿತಾ ಆ ಬರಹವನ್ನು ಅಳಿಸಿದಳು, ಪಾಸ್‌ವರ್ಡ್ ಬದಲಿಸಿದಳು, ಹಳೇ ನಂಬರು ಕಿತ್ತುಹಾಕಿದಳು, ಯಾರೂ ಅದನ್ನು ಒತ್ತಬೇಡಿ ಎಂದು ದಪ್ಪಕ್ಷರದಲ್ಲಿ ಬರೆದಳು. ಆಮೇಲೆ ನೋಡಿದರೆ, ಮೇಜಿನ ಮೇಲಿದ್ದ ಫೋನು ಕಟ್ಟಾಗಿಯೇ ಇರಲಿಲ್ಲ. ಸರಸಮ್ಮ ಕಾಯುತ್ತಲೇ ಇದ್ದಳು.

"ಅಮ್ಮಯ್ಯ, ದುಡ್ಡು ಬತ್ತೈತಾ?"

ನಾನೇ ಆ ಕಳ್ಳಿ ಎಂದು ಹೇಳಿಬಿಡಬೇಕೆಂದು ಲೋಹಿತಾ ಬಾಯಿ ತೆರೆದಳು. "ಬರುತ್ತೆ ಅವ್ವ," ಎಂದಳು. "ಇನ್ನು ಮುಂದೆ ಮಾತ್ರ ಇಂಥ ನಂಬರು ಯಾರಿಗೂ ಹೇಳ್ಬೇಡಿ. ಯಾರು ಕೇಳಿದ್ರೂ ಅಷ್ಟೇ."

"ಇನ್ಯಾರ್ಗೆ ಹೇಳಾನ ತಾಯಿ, ಅಷ್ಟು ತಿಳಿಯಾಕಿಲ್ವಾ ನಂಗೆ," ಎಂದಳು ಸರಸಮ್ಮ ನೆಮ್ಮದಿಯಿಂದ. "ಆಫೀಸಿನೋರು ಅಂದ್ರೆ ಮಾತ್ರ ಹೇಳ್ತೀನಿ."